ನೂರಾ ಹದಿನೇಳನೇ ಖಾತೆ

ಕಳೆದ ದೀಪಾವಳಿಗೆ ಸಾಗರಕ್ಕೆ ಹೋಗಿದ್ದಾಗ ಮಾವನ ಅಡಿಕೆ ಮಂಡಿಯ ಒಳಕೋಣೆಯಿಂದ ದೊಡ್ಡ ನಗು ಕೇಳಿಸಿತು. ಒಬ್ಬ ಓದುವುದು, ಇನ್ನೊಬ್ಬ ಮೇಜು ಕುಟ್ಟಿ ನಗುವುದು, ಮತ್ತೆ ಓದುವುದು. ಮಂಡಿಯ ಬಾಕಿ ಲೆಕ್ಕವೆಲ್ಲ ಎಂದೋ ಟ್ಯಾಲಿಗೆ ಹೋಗಿದ್ದರೂ ಬೆಳೆಗಾರರ ಮುಂಗಡದ ಬಡ್ಡಿ ಮಾತ್ರ ಹಳೇ ಫಾಕ್ಸ್‌ಪ್ರೊ ಪ್ರೋಗ್ರಾಮಿನಲ್ಲೇ ಉಳಿದಿತ್ತು. ಅದನ್ನು ತೆಗೆದು ಹೊಸದು ಮಾಡಿಸಲೆಂದು ಮಾವನ ಮಗ ಶಿವಮೊಗ್ಗದಿಂದ ಇಬ್ಬರು ಹುಡುಗರನ್ನು ಕರೆಸಿದ್ದ. ನಾನೂ ಬೆಂಗಳೂರಿನಲ್ಲಿ ಅದೇ ಕಸುಬಿನವನು ಎಂದು ಯಾರೋ ಹೇಳಿದ್ದರು. ಹಾಗಾಗಿ ಸಲಿಗೆಯಿಂದಲೇ ಕರೆದರು.

"ಸರ್, ಬನ್ನಿ, ಇದನ್ನ ನೋಡ್ಲೇಬೇಕು ನೀವು. ಎರಡು ತಾರೀಖಿನ ನಡುವೆ ಎಷ್ಟು ದಿನ ಅಂತ ಲೆಕ್ಕ ಹಾಕೋಕೆ ಹನ್ನೆರಡು ತಿಂಗಳಿಗೆ ಹನ್ನೆರಡು ಇಫ್ ಬರ್ದಿದಾನೆ."

ನೋಡಿದೆ. ಜನವರಿಯಾದರೆ ಸೊನ್ನೆ, ಫೆಬ್ರವರಿಯಾದರೆ ಮೂವತ್ತೊಂದು, ಮಾರ್ಚ್ ಆದರೆ ಐವತ್ತೊಂಬತ್ತು. ಹಾಸಿಗೆ ಹಿಡಿದ ರೋಗಿಯ ಔಷಧಿ ಚೀಟಿಯ ಹಾಗೆ ಡಿಸೆಂಬರಿನವರೆಗೂ ಸಾಗಿತ್ತು. ಫಾಕ್ಸ್‌ಪ್ರೊದಲ್ಲಿ ತಾರೀಖಿಗೆಂದೇ ಒಂದು ಬಗೆ ಇದೆ. ಒಂದರಿಂದ ಇನ್ನೊಂದನ್ನು ಕಳೆದರೆ ದಿನಗಳು ತಾವಾಗಿ ಬಂದು ನಿಲ್ಲುತ್ತವೆ. ಬರೆದವನಿಗೆ ಅದು ಗೊತ್ತಿರಲಿಲ್ಲ. ಅಧಿಕ ವರ್ಷಗಳನ್ನು ಕಂಡುಹಿಡಿಯುವ ಗೋಜಿಗೂ ಹೋಗದೆ 96, 00, 04 ಎಂದು ಕೈಯಾರೆ ಪಟ್ಟಿ ಮಾಡಿ ಬಿಟ್ಟಿದ್ದ. "2004 ಆದ್ಮೇಲೆ ಪ್ರಳಯ ಅಂದ್ಕೊಂಡಿದ್ದ ಅನ್ಸತ್ತೆ" ಅಂದ ಒಬ್ಬ. ಹೆಸರುಗಳೋ, ಎಕ್ಸ್, ಎಕ್ಸ್‌ಎಕ್ಸ್, ಎಕ್ಸ್‌ಎಕ್ಸ್‌ಎಕ್ಸ್. ಆಮೇಲೆ ತಲೆನೋವು. ಅದರ ಕೆಳಗೆ ತಲೆನೋವು2.

"ಇದು ಕೇಳಿ ಸರ್, ಕ್ಲೈಮ್ಯಾಕ್ಸು. ಖಾತೆ ನಂಬರು 117 ಆಗಿದ್ರೆ ಬಡ್ಡಿ ಸೊನ್ನೆ. ಪಕ್ಕದಲ್ಲಿ ಕಾಮೆಂಟು: ಇದನ್ನು ಮುಟ್ಟಬೇಡಿ. ಅಷ್ಟೇ! ಅವನ ಸ್ವಂತ ಖಾತೆನೇ ಇರ್ಬೇಕು."

ನಾನೂ ನಕ್ಕೆ. ನಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆ ಪುಣ್ಯಾತ್ಮ ನಾನೇ ಎಂದು ಹೇಳೋಣವೆಂದುಕೊಂಡಿದ್ದೆ. ಆದರೆ ಈ ಕೊನೆಯ ಮಾತಾದ ಮೇಲೆ ಹೇಳಿದರೆ ದಡ್ಡತನದ ಜೊತೆಗೆ ಕಳ್ಳತನವೂ ತಲೆಗೆ ಬರುತ್ತಿತ್ತು.

ರಿಪೇರಿಗೆ ಬಂದ ಮೇಸ್ತ್ರಿ ಕರಣೆ ಹಿಡಿಯುವ ಮೊದಲು "ಯಾರು ಕಟ್ಟಿದ್ದು ಈ ಗೋಡೆ?" ಎಂದು ಕೇಳಿಯೇ ಕೇಳುತ್ತಾನೆ. ನಮ್ಮ ಕಸುಬಿನಲ್ಲಿ ಈ ಪ್ರಶ್ನೆಗೆ ಒಂದು ಯಂತ್ರವನ್ನೇ ಇಟ್ಟುಕೊಂಡಿದ್ದೇವೆ. ಯಾವ ಸಾಲನ್ನು ಯಾರು ಯಾವತ್ತು ಬರೆದರು ಎಂದು ಹೇಳುವ ಆಜ್ಞೆಗೆ ಬ್ಲೇಮ್ ಎಂದು ಹೆಸರು. ಸಬ್‌ವರ್ಷನ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಅದೇ ಕೆಲಸಕ್ಕೆ ಪ್ರೇಸ್ ಎಂಬ ಇನ್ನೊಂದು ಹೆಸರೂ ಇತ್ತು. ದೂರು ಎಂದು ಬೆರಳಚ್ಚು ಮಾಡಿದರೂ ಹೊಗಳು ಎಂದು ಮಾಡಿದರೂ ಬರುತ್ತಿದ್ದ ಉತ್ತರ ಒಂದೇ. ಇಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ ನನ್ನ ನೌಕರಿಯಲ್ಲಿ ಎರಡನೆಯದನ್ನು ಬಳಸಿದವರನ್ನು ನಾನಂತೂ ಕಂಡಿಲ್ಲ.

ಈ ನಗುವನ್ನು ಒಂದು ಸ್ಪರ್ಧೆಯನ್ನಾಗಿ ಮಾಡಿದವರೂ ಇದ್ದಾರೆ. 1984ರಲ್ಲಿ ಅಮೆರಿಕದ ಲ್ಯಾಂಡನ್ ಕರ್ಟ್ ನೋಲ್ ಮತ್ತು ಲ್ಯಾರಿ ಬ್ಯಾಸೆಲ್ ಎಂಬಿಬ್ಬರು ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಒಳಗಿನ ಕೋಡ್ ನೋಡುತ್ತಿದ್ದರು. ಅದರಲ್ಲಿ ಸ್ಟೀವ್ ಬೋರ್ನ್ ಬರೆದ ಶೆಲ್ ಎಂಬ ಪ್ರೋಗ್ರಾಮೂ ಇತ್ತು. ಭಾಷೆ ಸಿ, ಆದರೆ ನೋಡಿದರೆ ಸಿ ಅನ್ನಿಸುವುದೇ ಇಲ್ಲ. ಬೋರ್ನ್‌ಗೆ ಆಲ್ಗಾಲ್ 68 ಎಂಬ ಭಾಷೆಯ ಮೇಲೆ ಪ್ರೀತಿ. ಮದುವೆಯಾಗಿ ಹೋದ ಮನೆಯಲ್ಲೂ ತವರಿನ ಸಾರೇ ಮಾಡುವವರ ಹಾಗೆ, ಸಿ ಭಾಷೆಯ ಪದಗಳಿಗೆಲ್ಲ ಆಲ್ಗಾಲ್ ವೇಷ ತೊಡಿಸಿದ್ದ. ಇಫ್ ಎಂದು ಶುರುವಾದದ್ದು ಅದನ್ನೇ ತಿರುಗಿಸಿದ ಫಿ ಎಂಬಲ್ಲಿ ಮುಗಿಯುತ್ತಿತ್ತು. ಇಷ್ಟು ವಕ್ರವಾಗಿ ಬರೆಯುವುದು ಸಾಧ್ಯವಿದ್ದರೆ ಬೇಕೆಂದೇ ಬರೆದರೆ ಹೇಗಿರಬಹುದು ಎಂದು ಇಬ್ಬರಿಗೂ ಅನ್ನಿಸಿತು. ಯಾರಿಗೂ ಅರ್ಥವಾಗದ ಸಿ ಪ್ರೋಗ್ರಾಂ ಬರೆದವರಿಗೆ ಬಹುಮಾನ ಎಂದು ಜಗತ್ತಿಗೆಲ್ಲ ಕರೆ ಕೊಟ್ಟರು. ಅಂದಿನಿಂದ ಆಗೊಮ್ಮೆ ಈಗೊಮ್ಮೆ ಬಿಡುವು ಕೊಟ್ಟರೂ ಸ್ಪರ್ಧೆ ನಿಂತಿಲ್ಲ. ಆ ಬೋರ್ನ್ ಶೆಲ್ಲಿನ ಮಕ್ಕಳು ಮರಿಮಕ್ಕಳೂ ಅಷ್ಟೇ, ಫಿ ಸಮೇತ ಇವತ್ತಿಗೂ ಲಕ್ಷಾಂತರ ಯಂತ್ರಗಳಲ್ಲಿ ಓಡುತ್ತಿದ್ದಾರೆ.

ನನ್ನದು ಬೇಕೆಂದು ಬರೆದದ್ದಲ್ಲ. 1998ರ ಮಳೆಗಾಲ. ಬಿ.ಇ. ಮುಗಿಸಿ, ಬೆಂಗಳೂರಿನ ಕಂಪನಿಯೊಂದು ಕರೆಯುವುದನ್ನು ಕಾಯುತ್ತ ಕೂತಿದ್ದೆ. ಸುಮ್ಮನೆ ಕೂತವನನ್ನು ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. ಮಂಡಿಗೊಂದು ಕಂಪ್ಯೂಟರ್ ಬಂದಿತ್ತು. ಅದಕ್ಕೆ ಹೊದಿಸಿದ ಬಟ್ಟೆ ನಮ್ಮ ಹಾರ್ಮೋನಿಯಂಗೆ ಹೊದಿಸಿದ್ದಕ್ಕಿಂತ ಚೆನ್ನಾಗಿತ್ತು. ಬಡ್ಡಿ ಲೆಕ್ಕವನ್ನು ಅದಕ್ಕೆ ಕಲಿಸು ಎಂದರು. ಗುಮಾಸ್ತರು ಎದುರಿಗೆ ಕೂತು ಕಿರ್ದಿ ಬಿಚ್ಚಿ ಹೇಳುತ್ತಿದ್ದರು. ನಾನು ಹೇಳಿದ ಹಾಗೆ ಹೇಳಿದ ಕ್ರಮದಲ್ಲೇ ಕುಟ್ಟುತ್ತಿದ್ದೆ. ರಾಶಿ, ಬೆಟ್ಟೆ, ಗೊರಬಲು, ಚಾಲಿ, ಹಮಾಲಿ, ದಲಾಲಿ, ಎಲ್ಲಕ್ಕೂ ಒಂದೊಂದು ಇಫ್. ಆಮೇಲೆ ಜೋಡಿಸೋಣ ಎಂದುಕೊಂಡರೆ ಕರೆಂಟು ಹೋಗುತ್ತಿತ್ತು. ಮಲೆನಾಡಿನ ಜುಲೈನಲ್ಲಿ ಕರೆಂಟು ಬಂದಾಗ ಮೊದಲು ಬರೆಯಬೇಕು, ಚೆಂದ ಮಾಡುವುದು ಆಮೇಲೆ. ಆ ಆಮೇಲೆ ಬರಲೇ ಇಲ್ಲ.

ತಾರೀಖನ್ನು ಆರು ಅಂಕಿಯಲ್ಲಿ ಇಟ್ಟಿದ್ದೆ. ದಿನಕ್ಕೆ ಎರಡು, ತಿಂಗಳಿಗೆ ಎರಡು, ವರ್ಷಕ್ಕೆ ಎರಡು.

ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದೆ. ಮೂರು ವಾರ ಕೋಬಾಲ್ ಎಂಬ ಭಾಷೆ ಕಲಿಸಿ ಅಮೆರಿಕದ ವಿಮಾ ಕಂಪನಿಯೊಂದರ ಕೋಡ್ ಮುಂದೆ ಕೂರಿಸಿದರು. ಆಗ ಬೆಂಗಳೂರಿನಲ್ಲಿ ನನ್ನ ವಯಸ್ಸಿನ ಅರ್ಧ ಜನಕ್ಕೆ ಅದೇ ಕೆಲಸ: ಎರಡಂಕಿಯ ವರ್ಷಗಳನ್ನು ಹುಡುಕುವುದು, 2000 ಬರುವುದರೊಳಗೆ ಸರಿ ಮಾಡುವುದು. ಪ್ರೋಗ್ರಾಮಿನ ನೆತ್ತಿಯ ಮೇಲೆ 1974 ಎಂದೂ ಬರೆದವನ ಇನಿಷಿಯಲ್ಲೂ ಇರುತ್ತಿದ್ದವು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾವು ಆ ಇನಿಷಿಯಲ್ಲುಗಳನ್ನು ಹಿಡಿದು ಆಡಿಕೊಳ್ಳುತ್ತಿದ್ದೆವು. ಇನ್ನೆರಡು ಅಂಕಿ ಬರೆದಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು?

ಗಂಟು ಹೋಗುತ್ತಿತ್ತು. ಅವರ ಕಾಲದ ಪಂಚ್ ಕಾರ್ಡಿನಲ್ಲಿ 80 ಅಕ್ಷರಕ್ಕೆ ಮಾತ್ರ ಜಾಗ. ಹೆಸರು, ಪಾಲಿಸಿ ನಂಬರು, ಬಾಕಿ, ತಾರೀಖು ಎಲ್ಲ ಅಷ್ಟರೊಳಗೇ ಮೈ ಮುದುಡಿಕೊಂಡು ಕೂರಬೇಕು. ಮೂರು ತಾರೀಖಿದ್ದರೆ, 19 ಎಂಬುದನ್ನು ಬಿಟ್ಟಾಗ ಆರು ಮನೆ ಉಳಿಯಿತು. ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆಲನ್ ಗ್ರೀನ್‌ಸ್ಪ್ಯಾನ್ 1998ರಲ್ಲಿ ಸೆನೆಟ್ ಸಮಿತಿಯ ಎದುರು ಕೂತು, ಈ ಅಪರಾಧಿಗಳಲ್ಲಿ ನಾನೂ ಒಬ್ಬ ಎಂದುಬಿಟ್ಟರು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಅವರೂ ಇಂಥ ಪ್ರೋಗ್ರಾಂ ಬರೆಯುತ್ತಿದ್ದರಂತೆ. 19 ಬಿಟ್ಟು ಜಾಗ ಉಳಿಸಿದ್ದಕ್ಕೆ ಆಗ ಬಹಳ ಹೆಮ್ಮೆಯೂ ಇತ್ತಂತೆ. ಬಾಯಿ ಬಿಟ್ಟರೆ ಷೇರುಪೇಟೆ ಏಳುತ್ತಿದ್ದ ಬೀಳುತ್ತಿದ್ದ ಮನುಷ್ಯ ಆತ. ನಾನಾದರೋ ಇಬ್ಬರು ಹುಡುಗರ ಎದುರು ಒಪ್ಪಿಕೊಳ್ಳಲಾರದೆ ಹಲ್ಲು ಕಿರಿದವನು.

ಅಂದಹಾಗೆ ಅವರಿಗಿದ್ದ ನೆಪ ನನಗಿರಲಿಲ್ಲ. ಮಂಡಿಯ ಕಂಪ್ಯೂಟರಿನಲ್ಲಿ ಜಾಗ ಬೇಕಾದಷ್ಟಿತ್ತು. ಕಿರ್ದಿಯಲ್ಲಿ ಗುಮಾಸ್ತರು ಎರಡಂಕಿ ಬರೆಯುತ್ತಿದ್ದರು, ನಾನೂ ಬರೆದೆ, ಅಷ್ಟೇ. ಹಗಲೆಲ್ಲ ಅಮೆರಿಕದ ಎರಡಂಕಿ ತಿದ್ದಿ ಸಂಬಳ ಎಣಿಸುತ್ತಿದ್ದವನಿಗೆ, ಸಾಗರದಲ್ಲಿ ನನ್ನದೇ ಒಂದು ಕೂತಿದೆ ಎಂದು ಹದಿನೈದು ತಿಂಗಳಲ್ಲಿ ಒಂದು ದಿನವೂ ಹೊಳೆಯಲಿಲ್ಲ.

1999ರ ಡಿಸೆಂಬರ್ 31ರ ರಾತ್ರಿ ಆಫೀಸಿನಲ್ಲೇ ಜಾಗರಣೆ. ನಮ್ಮ ಕಡೆ ಏನೂ ಆಗಲಿಲ್ಲ. ಕೇಕ್ ತಿಂದು ಶನಿವಾರ ಬೆಳಿಗ್ಗೆ ಮನೆಗೆ ಹೋಗಿ ಮಲಗಿದೆವು. ಸೋಮವಾರ ಮಂಡಿ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಮಾವನ ಎಸ್‌ಟಿಡಿ ಕರೆ.

"ಎಂತ ಮಾಡಿಟ್ಟಿದ್ದೀಯ ಅಪ್ಪೀ? ಇಲ್ಲೊಬ್ರು ನವೆಂಬರಲ್ಲಿ ಐವತ್ತು ಸಾವಿರ ತಗೊಂಡು ಹೋಗಿದ್ರು. ಈಗ ಖಾತೆ ತೆಗೆದ್ರೆ ನಾನೇ ಅವ್ರಿಗೆ ಒಂಬತ್ತು ಲಕ್ಷದ ಹತ್ರ ಬಡ್ಡಿ ಕೊಡ್ಬೇಕು ಅಂತ ಬರ್ತಾ ಉಂಟು."

ಸೊನ್ನೆಯಿಂದ ತೊಂಬತ್ತೊಂಬತ್ತನ್ನು ಕಳೆದಿದೆ. ಹೆಚ್ಚುಕಡಿಮೆ ನೂರು ವರ್ಷದ ಬಡ್ಡಿ, ನೂರಕ್ಕೆ ಹದಿನೆಂಟರ ದರದಲ್ಲಿ, ಹಿಂದುಮುಂದಾಗಿ. ಕೂತಲ್ಲೇ ಬೆವತೆ.

"ಎಲ್ಲ ಖಾತೆನೂ ಹಾಗೇ ತೋರಿಸ್ತಾ ಮಾವ?"

"ಎಲ್ಲಾನೂ. ನೂರಾ ಹದಿನೇಳು ಒಂದು ಸರಿ ಉಂಟು ನೋಡು."

ಅವತ್ತು ರಾತ್ರಿಯ ಬಸ್ಸಿಗೇ ಹೊರಟೆ. ಬೆಳಿಗ್ಗೆ ಮಂಡಿಯಲ್ಲಿ ಕೂತು, ವರ್ಷ ಐವತ್ತಕ್ಕಿಂತ ಕಡಿಮೆಯಿದ್ದರೆ ನೂರು ಕೂಡಿಸು ಎಂದು ಇನ್ನೊಂದು ಇಫ್ ಸೇರಿಸಿದೆ. ಬೆಂಗಳೂರಿನಲ್ಲಿ ಇದೇ ಉಪಾಯಕ್ಕೆ ವಿಂಡೋಯಿಂಗ್ ಎಂದು ಹೆಸರಿಟ್ಟು ಡಾಲರಿನಲ್ಲಿ ಬಿಲ್ಲು ಮಾಡುತ್ತಿದ್ದರು. ಮಾವ ಎರಡು ತೊಡದೇವು ತಿನ್ನಿಸಿ ಕಳಿಸಿದರು. ಆ ಸಾಲು 2049ರ ಕೊನೆಯವರೆಗೆ ತಡೆಯುತ್ತದೆ. ಒಂದು ಮಾತು ಮಾತ್ರ ಹುಡುಗರಿಗೆ ಹೇಳಬೇಕಿತ್ತು. ಅವರು ನಕ್ಕ ಅಧಿಕ ವರ್ಷದ ಪಟ್ಟಿಯಲ್ಲಿ 00 ಇತ್ತಲ್ಲ, ಅದು ಸರಿಯಾಗಿಯೇ ಇತ್ತು. ನಾಲ್ಕರಿಂದ ಭಾಗಿಸಿದರೆ ಅಧಿಕ ವರ್ಷ ಎಂದಷ್ಟೇ ಬಲ್ಲವನು 2000ದಲ್ಲಿ ಪಾರಾದ. ನೂರರಿಂದ ಭಾಗವಾದರೆ ಅಲ್ಲ ಎಂಬುದನ್ನೂ ಓದಿಕೊಂಡು, ನಾನೂರರಿಂದ ಭಾಗವಾದರೆ ಹೌದು ಎಂಬುದನ್ನು ಓದದವನು ಸಿಕ್ಕಿಬಿದ್ದ.

ಇನ್ನು ಆ ಮುಟ್ಟಬೇಡಿ. ಬೆಲ್ ಲ್ಯಾಬ್ಸಿನ ಯೂನಿಕ್ಸಿನ 1975ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಇದಕ್ಕೊಬ್ಬ ಅಣ್ಣನಿದ್ದಾನೆ. ಒಂದು ಕೆಲಸ ನಿಲ್ಲಿಸಿ ಇನ್ನೊಂದಕ್ಕೆ ಜಿಗಿಯುವ ಜಾಗದಲ್ಲಿ, ಇದು ನಿಮಗೆ ಅರ್ಥವಾಗಬೇಕೆಂದೇನಿಲ್ಲ ಎಂಬ ಅರ್ಥದ ಒಂದು ಕಾಮೆಂಟು. ಎಂಥ ಗರ್ವ ಎಂದು ಜನ ವರ್ಷಗಟ್ಟಲೆ ನಕ್ಕರು, ಬೈದರು, ಅಂಗಿಯ ಮೇಲೂ ಅಚ್ಚು ಹಾಕಿಸಿಕೊಂಡರು. ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಬಹಳ ಕಾಲದ ಮೇಲೆ ವಿವರಣೆ ಕೊಟ್ಟರು: ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ಹೇಳುವ ಹಾಗೆ ಬರೆದದ್ದು, ಗರ್ವದಿಂದಲ್ಲ. ಜೊತೆಗೆ ಇನ್ನೊಂದನ್ನೂ ಒಪ್ಪಿಕೊಂಡರು. ಅಲ್ಲಿ ಏನು ನಡೆಯುತ್ತಿದೆ ಎಂಬುದು ತಮಗೇ ಸರಿಯಾಗಿ ಅರ್ಥವಾಗಿರಲಿಲ್ಲವಂತೆ. ಯೂನಿಕ್ಸನ್ನು ಬೇರೊಂದು ಯಂತ್ರಕ್ಕೆ ಒಯ್ಯಲು ಹೊರಟಾಗ ಆ ಕೈಚಳಕ ನಡೆಯದೆ ಬೇರೆ ರೀತಿ ಬರೆಯಬೇಕಾಯಿತು.

ನನಗೆ ಅರ್ಥವಾಗಿತ್ತು. ನೂರಾ ಹದಿನೇಳು ಒಬ್ಬ ಹೆಂಗಸಿನ ಖಾತೆ. ಗಂಡ ಕೊನೆಕೊಯ್ಲಿನಲ್ಲಿ ಮರದಿಂದ ಬಿದ್ದು ತೀರಿಕೊಂಡಿದ್ದ. ಮುಂಗಡ ಹಾಗೇ ಉಳಿದಿತ್ತು. ಗುಮಾಸ್ತರು ಊಟಕ್ಕೆ ಹೋದ ಹೊತ್ತು ನೋಡಿ ಮಾವ ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಅದಕ್ಕೆ ಬಡ್ಡಿ ಬರದ ಹಾಗೆ ಮಾಡಿಡು" ಎಂದಿದ್ದರು. ಕಾರಣ ಬರೆದಿಡಲಾ ಎಂದೆ. "ಬರೆದ್ರೆ ಗುಮಾಸ್ತ ಓದ್ತಾನೆ. ಅವ ಓದಿದ್ರೆ ಊರು ಓದಿದ ಹಾಗೆ. ನಾಳೆ ಇಡೀ ಊರೇ ಬಂದು ಬಾಗ್ಲಲ್ಲಿ ನಿಲ್ಲತ್ತೆ. ಕಂಪ್ಯೂಟರ್ ಹಾಗೇ ತೋರಿಸ್ತು ಅಂದ್ರಾಯ್ತು."

ಹುಡುಗರು ಕೊನೆಗೆ ಮಾವನನ್ನೇ ಕೇಳಿದರು. ಅವರು ಹೊರಗೆ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತಿದ್ದರು.

"ಅಜ್ಜಾ, ನೂರಾ ಹದಿನೇಳು ಯಾರ್ದು?"

"ನಂಗೆಂತ ಗೊತ್ತು? ಕಂಪ್ಯೂಟರಿನ ವ್ಯವಹಾರ."

"ಹಂಗಾದ್ರೆ ತೆಗೆದುಬಿಡ್ಲಾ?"

"ತೆಗೆದ್ರೆ ಎಂತ ಆಗ್ತದೆ ಅಂತ ಗೊತ್ತುಂಟಾ ನಿಂಗೆ?"

"ಇಲ್ಲ."

"ಮತ್ತೆ?"

ಮಾವ ನನ್ನ ಕಡೆ ನೋಡಲೂ ಇಲ್ಲ. ಎದ್ದು ಹೋಗಿ ಕವಳ ಉಗಿದು ಬಂದರು.

ಸಂಜೆ ಹೊರಡುವ ಮುಂಚೆ ಒಳಕೋಣೆಗೆ ಹೋಗಿ ಹುಡುಗನ ಬೆನ್ನ ಹಿಂದೆ ನಿಂತೆ. ಹೊಸ ಪ್ರೋಗ್ರಾಂ ಅಚ್ಚುಕಟ್ಟಾಗಿತ್ತು. ಹನ್ನೆರಡು ಇಫ್ ಇದ್ದಲ್ಲಿ ಒಂದೇ ಸಾಲು, ತಲೆನೋವಿಗೆ ಬದಲು ಒಳ್ಳೊಳ್ಳೆಯ ಹೆಸರುಗಳು. ಕೆಳಗೆ ಇಳಿಯುತ್ತ ಹೋದರೆ ಕೊನೆಯಲ್ಲಿ, ಖಾತೆ ನಂಬರು 117 ಆಗಿದ್ದರೆ ಬಡ್ಡಿ ಸೊನ್ನೆ. ಪಕ್ಕದಲ್ಲಿ ಕಾಮೆಂಟು: ಹಳೇದರಲ್ಲಿ ಇತ್ತು, ಕಾರಣ ಗೊತ್ತಿಲ್ಲ, ಇರಲಿ.