ನಿದ್ದೆ ಬಾರದ ಇರುಳಿಗೂ ಚಿಕಿತ್ಸೆಯಿದೆ

ನಿದ್ದೆಯು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂಬುದನ್ನು ಪವಿತ್ರ ಕುರ್‌ಆನ್ ‘ಅರ್ರೂಮ್’ ಅಧ್ಯಾಯದಲ್ಲಿ ನಮಗೆ ನೆನಪಿಸುತ್ತದೆ. ಕೇಳದೆಯೇ ದೊರೆಯುವ ಈ ಅನುಗ್ರಹದ ಬೆಲೆ ಅದು ದೊರೆಯದಿದ್ದಾಗ ತಿಳಿಯುತ್ತದೆ. ತಂದೆಯವರ ಮರಣಾನಂತರ ಸುಮಾರು ಎಂಟು ತಿಂಗಳು ನಮಗೆ ಅದು ದೊರೆಯಲಿಲ್ಲ. ಹಾಸಿಗೆ ಸೇರಿದೊಡನೆ ಎದೆ ಹೊಡೆದುಕೊಳ್ಳುತ್ತಿತ್ತು. ಸಂಜೆಯಾಗುತ್ತಲೇ ಇರುಳಿನ ಭಯ ಆವರಿಸುತ್ತಿತ್ತು. ಊಟ ರುಚಿಸುತ್ತಿರಲಿಲ್ಲ, ಮನೆಯವರ ಮಾತೂ ಭಾರವಾಗುತ್ತಿತ್ತು. ಮದ್ರಸದಲ್ಲಿ ಮಕ್ಕಳ ಮುಂದೆ ಕುಳಿತಾಗ, ನಿತ್ಯ ಓದುವ ಸೂಕ್ತವೇ ನಾಲಿಗೆಗೆ ಬಾರದೆ ನಿಂತದ್ದುಂಟು. ವೈದ್ಯರು ಇದನ್ನು ಆತಂಕದೊಡನೆ ಕೂಡಿದ ಖಿನ್ನತೆಯೆಂದು ಗುರುತಿಸಿ ಔಷಧ ಬರೆದುಕೊಟ್ಟರು. ನಿದ್ದೆಗಾಗಿ ಪ್ರತ್ಯೇಕ ಚಿಕಿತ್ಸೆಯನ್ನೂ ಸೂಚಿಸಿದರು.

ಹಿತೈಷಿಗಳು ಝಿಕ್ರ್ ಹೆಚ್ಚಿಸುವಂತೆ ಹೇಳಿದರು. ಅದು ಒಳ್ಳೆಯ ಮಾತೇ. ಆದರೆ ಚಿಕಿತ್ಸೆಯ ಬದಲಿಗೆ ಅದನ್ನು ಹೇಳಿದಾಗ, ಝಿಕ್ರ್ ಮಾಡಿಯೂ ಕಣ್ಣು ಮುಚ್ಚದ ರೋಗಿಯು ತನ್ನ ಪ್ರಾರ್ಥನೆಯೇ ತಿರಸ್ಕೃತವಾಯಿತೆಂದು ಭಾವಿಸುತ್ತಾನೆ. ಖಿನ್ನತೆಯಲ್ಲಿರುವವನಿಗೆ ಇದಕ್ಕಿಂತ ಅಪಾಯಕರವಾದ ಭಾವನೆ ಇನ್ನೊಂದಿಲ್ಲ. ಪ್ರವಾದಿ ಯಾಕೂಬ್(ಅ)ರು ಮಗನ ಅಗಲಿಕೆಯ ದುಃಖದಲ್ಲಿ ಕಣ್ಣಿನ ಬೆಳಕನ್ನೇ ಕಳೆದುಕೊಂಡರು. ಅವರ ವಿಶ್ವಾಸ ದುರ್ಬಲವಾಗಿತ್ತೆಂದು ಯಾರೂ ಹೇಳಲಾರರು. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಬೋಧಿಸಿದಾಗ ಮನಸ್ಸಿನ ರೋಗವನ್ನು ಹೊರಗಿರಿಸಲಿಲ್ಲ. ಸಾವಿರ ವರ್ಷಗಳಿಗೂ ಹಿಂದೆಯೇ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್‌ಬಲ್ಖೀ ದೇಹ ಮತ್ತು ಆತ್ಮ ಎರಡರ ಆರೋಗ್ಯದ ಕುರಿತು ಒಂದೇ ಗ್ರಂಥ ರಚಿಸಿ, ಅದರಲ್ಲಿ ಭಯ ಮತ್ತು ವಿಷಾದಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದರು.

ನಮಗೆ ಸೂಚಿಸಲಾದುದು ನಿದ್ರಾಹೀನತೆಗೆಂದೇ ರೂಪಿತವಾದ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ-ಐ. ದೀರ್ಘಕಾಲದ ನಿದ್ರಾಹೀನತೆಯುಳ್ಳ ವಯಸ್ಕರಿಗೆ ಮೊದಲು ಇದನ್ನೇ ನೀಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಖಿನ್ನತೆಯು ನಿದ್ದೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ದೆಯು ಖಿನ್ನತೆಯನ್ನು ಬೆಳೆಸುತ್ತದೆ. ಆದ್ದರಿಂದ ಎರಡಕ್ಕೂ ಜೊತೆಯಾಗಿ ಚಿಕಿತ್ಸೆ ಬೇಕು. ನಮ್ಮ ಊರಿನಲ್ಲಿ ಇದನ್ನು ಬಲ್ಲವರಿರಲಿಲ್ಲ. ಬೆಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರು ಎಂಟು ವಾರ, ವಾರಕ್ಕೊಮ್ಮೆ ವೀಡಿಯೊ ಕರೆಯ ಮೂಲಕ ಕನ್ನಡದಲ್ಲಿಯೇ ಮಾರ್ಗದರ್ಶನ ನೀಡಿದರು. ಪ್ರಯಾಣದ ಖರ್ಚಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಯಾರು ನೋಡುವರೋ ಎಂಬ ಸಂಕೋಚವಿಲ್ಲ. ಮನೆ ಬಿಟ್ಟು ಹೋಗಲಾಗದ ನಮ್ಮ ತಾಯಂದಿರು, ಸಹೋದರಿಯರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ವಿವರಿಸಬೇಕಿಲ್ಲ.

ಮೊದಲ ವಾರ ಅವರು ನಿದ್ದೆಯ ದಿನಚರಿಯನ್ನು ಬರೆಸಿದರು. ನಾವು ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದೆವು. ಆ ಏಳೂವರೆ ಗಂಟೆಗಳಲ್ಲಿ ನಿದ್ದೆ ಬರುತ್ತಿದ್ದುದು ಐದೇ ಗಂಟೆ. “ಹಾಗಾದರೆ ಸರ್, ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡೋಣ” ಎಂದರು. ಹನ್ನೊಂದು ಮುಕ್ಕಾಲಿಗೆ ಮುಂಚೆ ಮಲಗುವಂತಿಲ್ಲ, ಏಳುವ ಹೊತ್ತು ಬದಲಾಗುವಂತಿಲ್ಲ. ಇಪ್ಪತ್ತು ನಿಮಿಷದಷ್ಟು ಹೊತ್ತು ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕುಳಿತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಗಡಿಯಾರವನ್ನೂ ಮೊಬೈಲನ್ನೂ ನೋಡಬಾರದು. ಹಾಸಿಗೆಯೆಂದರೆ ಹೊರಳಾಟ ಎಂದು ಕಲಿತ ಮನಸ್ಸಿಗೆ, ಹಾಸಿಗೆಯೆಂದರೆ ನಿದ್ದೆ ಎಂದು ಪುನಃ ಕಲಿಸುವುದೇ ಇದರ ಮರ್ಮ.

ಈ ಚಿಕಿತ್ಸೆಯು ದಿನವೂ ಒಂದೇ ಹೊತ್ತಿಗೆ ಏಳುವುದನ್ನು ಕಡ್ಡಾಯಗೊಳಿಸುತ್ತದೆ. ಫಜ್ರ್ ನಮಾಝ್ ನಮಗೆ ಅದನ್ನು ಮೊದಲೇ ಕಲಿಸಿದೆ. ನಮಾಝಿನ ಬಳಿಕ ಮರಳಿ ಮಲಗದೆ ಬೆಳಗಿನ ಬೆಳಕಿನಲ್ಲಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡೆವು. ಇಶಾದ ಬಳಿಕ ಹರಟೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ಆ ಹೊತ್ತು ಮಂದ ಬೆಳಕಿನಲ್ಲಿ ಓದಿಗೆ ಮೀಸಲಾಯಿತು. ಮಧ್ಯಾಹ್ನದ ಖೈಲೂಲವನ್ನು ಮಾತ್ರ ಕೆಲವು ವಾರ ಬಿಡಬೇಕಾಯಿತು. ಅದು ಕಡ್ಡಾಯವಲ್ಲದ ಸುನ್ನತ್, ಚಿಕಿತ್ಸೆಗಾಗಿ ಬಿಟ್ಟರೆ ದೋಷವಿಲ್ಲ.

ಆತಂಕಕ್ಕೆ ಬೇರೆ ಅಭ್ಯಾಸವಿತ್ತು. ಅಸರ್ ಬಳಿಕ ಅರ್ಧ ಗಂಟೆ ಕುಳಿತು ಚಿಂತೆಗಳನ್ನು ಬರೆಯಬೇಕು. ‘ಇಂದು ನಿದ್ದೆ ಬಾರದಿದ್ದರೆ ನಾಳೆ ಪಾಠ ಮಾಡಲಾಗದು’ ಎಂದು ಬರೆದಿದ್ದೆವು. ಎಂಟು ತಿಂಗಳಲ್ಲಿ ಎಷ್ಟು ಪಾಠಗಳು ತಪ್ಪಿದವೆಂದು ಅವರು ಕೇಳಿದರು. ಹಾಜರಿ ಪುಸ್ತಕ ತೆರೆದು ನೋಡಿದರೆ, ಒಂದೂ ಇಲ್ಲ.

ಮೊದಲ ಎರಡು ವಾರ ಬಹಳ ಕಷ್ಟವಾಯಿತು, ಹಗಲಿಡೀ ತೂಕಡಿಕೆ. ಬಳಿಕ ನಿದ್ದೆ ಗಟ್ಟಿಯಾಯಿತು. ಹಾಸಿಗೆಯ ಹೊತ್ತಿನಲ್ಲಿ ಶೇ. 85ರಷ್ಟು ನಿದ್ದೆ ಬರತೊಡಗಿದಂತೆ ಮಲಗುವ ಸಮಯವನ್ನು ಹದಿನೈದು ನಿಮಿಷದಂತೆ ಹಿಂದಕ್ಕೆ ಸರಿಸಲಾಯಿತು. ಎಂಟನೆಯ ವಾರಕ್ಕೆ ಆರು ಗಂಟೆ ದಾಟಿತು. ತಂದೆಯವರ ನೆನಪು ಈಗಲೂ ಇರುಳಿನಲ್ಲಿ ಬರುತ್ತದೆ. ಅವರಿಗಾಗಿ ದುಆ ಮಾಡಿ ಮಲಗಲು ಸಾಧ್ಯವಾಗಿದೆ.

ಆದರೆ ಇದನ್ನು ಯಾರೂ ತಾವಾಗಿಯೇ ಆರಂಭಿಸಬಾರದು. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆಯುಳ್ಳವರಿಗೆ ನಿದ್ದೆಯ ಹೊತ್ತನ್ನು ಕಡಿತಗೊಳಿಸುವುದು ಅಪಾಯ. ವಾಹನ ಚಾಲಕರೂ ಎಚ್ಚರ ವಹಿಸಬೇಕು. ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಬಾರದು. ಎಲ್ಲಿಂದ ಆರಂಭಿಸುವುದೆಂದು ತಿಳಿಯದವರಿಗೆ, ಬದುಕೇ ಬೇಡವೆನಿಸಿದವರಿಗೆ ಸರಕಾರದ ಟೆಲಿ ಮಾನಸ್ ಸೇವೆಯಿದೆ: 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲಿ ಯಾರಾದರೂ ನಿದ್ದೆಯಿಲ್ಲವೆಂದು ಹೇಳಿದರೆ ಅವರ ವಿಶ್ವಾಸವನ್ನು ಅಳೆಯಲು ಹೋಗದಿರಿ. ಅವರ ಬಳಿ ಕುಳಿತುಕೊಳ್ಳಿರಿ, ದುಆ ಮಾಡಿರಿ, ವೈದ್ಯರ ಬಳಿಗೂ ಕರೆದೊಯ್ಯಿರಿ. ನಿದ್ದೆಯಿಲ್ಲದೆ ಬಳಲುವ ಎಲ್ಲರಿಗೂ ಅಲ್ಲಾಹನು ಶಿಫಾ ಕರುಣಿಸಲಿ. ಆಮೀನ್.