ಮಗಳನ್ನು ಬಿಟ್ಟುಕೊಟ್ಟ ತಾಯಿ

ಮದರ್ ತೆರೇಸಾ ಯಾರೆಂದು ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ನೀಲಿ ಅಂಚಿನ ಬಿಳಿ ಸೀರೆ, ಬಾಗಿದ ಬೆನ್ನು, ಸುಕ್ಕುಗಟ್ಟಿದ ಆ ಮುಖ ಎಲ್ಲರಿಗೂ ಪರಿಚಿತ. ಆದರೆ ಜಗತ್ತೇ ತಾಯಿಯೆಂದು ಕರೆದ ಆ ಹೆಣ್ಣಿಗೂ ಒಬ್ಬ ತಾಯಿ ಇದ್ದಳು. ಪಾಠ ಪುಸ್ತಕಗಳಲ್ಲಿ ಆಕೆಯ ಹೆಸರು ಬರುವುದು ಅಪರೂಪ. ಹೆಸರು ದ್ರಾನಾ. ಆಕೆ ಯಾವ ಪ್ರಶಸ್ತಿಯನ್ನೂ ಪಡೆಯಲಿಲ್ಲ, ಯಾವ ವೇದಿಕೆಯನ್ನೂ ಏರಲಿಲ್ಲ. ಗಂಡನಿಗೆ ಹೆಂಡತಿಯಾಗಿ, ಮೂವರು ಮಕ್ಕಳಿಗೆ ತಾಯಿಯಾಗಿ, ದೇವರಲ್ಲಿ ನಂಬಿಕೆಯಿಟ್ಟು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಅಷ್ಟೇ.

ದ್ರಾನಾ ಆಲ್ಬೇನಿಯನ್ ಮೂಲದ ಕ್ಯಾಥೊಲಿಕ್ ಹೆಣ್ಣುಮಗಳು. ಮದುವೆಯಾದದ್ದು ನಿಕೋಲಾ ಬೊಯಾಜಿಯು ಎಂಬ ವ್ಯಾಪಾರಿಯನ್ನು. ಸಂಸಾರ ಹೂಡಿದ್ದು ಸ್ಕೋಪ್ಯೆ ನಗರದಲ್ಲಿ. ಆ ಊರು ಆಗ ತುರ್ಕರ ಆಳ್ವಿಕೆಯಲ್ಲಿತ್ತು. ಈಗ ಉತ್ತರ ಮ್ಯಾಸಿಡೋನಿಯಾದ ರಾಜಧಾನಿ. 1905ರಲ್ಲಿ ಹಿರಿಯ ಮಗಳು ಆಗಾ, 1908ರಲ್ಲಿ ಮಗ ಲಾಜಾರ್, 1910ರ ಆಗಸ್ಟ್ 26ರಂದು ಕಿರಿಯ ಮಗಳು ಗೊಂಜೆ ಹುಟ್ಟಿದರು. ಗೊಂಜೆ ಎಂದರೆ ಅವರ ಭಾಷೆಯಲ್ಲಿ ಹೂವಿನ ಮೊಗ್ಗು. ಮುಂದೆ ಮದರ್ ತೆರೇಸಾ ಆದದ್ದು ಈ ಮೊಗ್ಗೇ.

ದ್ರಾನಾ ದಿನವಿಡೀ ಮನೆಗೆಲಸದಲ್ಲಿ ಮುಳುಗಿರುತ್ತಿದ್ದಳು. ಗಂಡ ಮನೆಗೆ ಬರುವ ಹೊತ್ತಾಯಿತೆಂದರೆ ಮಾತ್ರ ಎಲ್ಲವನ್ನೂ ಬದಿಗಿಟ್ಟು, ಬೇರೆ ಉಡುಪು ತೊಟ್ಟು, ತಲೆ ಬಾಚಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳಂತೆ. ಮಕ್ಕಳು ಇದನ್ನು ಕಂಡು ನಗುತ್ತಿದ್ದರು. ಸಂಜೆ ಮನೆಮಂದಿಯೆಲ್ಲ ಸೇರಿ ಜಪಮಾಲೆಯ ಪ್ರಾರ್ಥನೆ ಮಾಡುವುದು ತಪ್ಪುತ್ತಿರಲಿಲ್ಲ. ಒಮ್ಮೆ ಮಕ್ಕಳು ರಾತ್ರಿ ಏನೇನೋ ಹರಟುತ್ತ ಕುಳಿತಿದ್ದರು. ತಾಯಿ ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, ಎದ್ದು ಹೋಗಿ ದೀಪ ಆರಿಸಿಬಿಟ್ಟಳು. ಕೆಲಸಕ್ಕೆ ಬಾರದ ಮಾತಿಗಾಗಿ ವಿದ್ಯುತ್ತಿನ ಹಣ ದಂಡ ಮಾಡಲಾರೆ ಎಂಬುದು ಆಕೆಯ ಸಮಜಾಯಿಷಿ. ಬೈಗುಳವಿಲ್ಲ, ಹೊಡೆತವಿಲ್ಲ. ಆದರೆ ಆ ಕತ್ತಲೆಯನ್ನು ಮಕ್ಕಳು ಮರೆಯಲಿಲ್ಲ.

1919ರಲ್ಲಿ ಆ ಮನೆಯ ಮೇಲೆ ಸಿಡಿಲು ಬಡಿಯಿತು. ರಾಜಕೀಯ ಸಭೆಯೊಂದಕ್ಕೆ ಬೆಲ್‌ಗ್ರೇಡಿಗೆ ಹೋಗಿದ್ದ ನಿಕೋಲಾ ಸಾಯುವ ಸ್ಥಿತಿಯಲ್ಲಿ ಮರಳಿ ಬಂದರು. ಶಸ್ತ್ರಚಿಕಿತ್ಸೆ ಮಾಡಿದರೂ ಉಳಿಯಲಿಲ್ಲ. ವಿಷ ಹಾಕಿದ್ದಾರೆಂಬ ಅನುಮಾನ ಮನೆಯವರಿಗೆ ಕೊನೆಯವರೆಗೂ ಇತ್ತು. ಗೊಂಜೆಗೆ ಆಗಿನ್ನೂ ಒಂಬತ್ತರ ಆಸುಪಾಸು.

ಮುಂದೆ ನಡೆದದ್ದು ಬೀದರಿನ ಗಾಂಧಿ ಗಂಜಿನಂಥ ಪೇಟೆ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೊಗರಿ, ಹೆಸರು, ಉದ್ದಿನ ಚೀಲಗಳ ನಡುವೆ ಎಷ್ಟೋ ವ್ಯವಹಾರ ನಡೆಯುವುದು ಬಾಯಿಮಾತಿನ ಮೇಲೆ, ನಂಬಿಕೆಯ ಮೇಲೆ. ಅಡತ್ ಅಂಗಡಿಯ ಯಜಮಾನ ಹಠಾತ್ತನೆ ಕಣ್ಣು ಮುಚ್ಚಿದರೆ ಬಾಕಿ ಕೊಡಬೇಕಾದವರಿಗೆ ಮರೆವು ಬರುತ್ತದೆ. ಬರಬೇಕಾದವರು ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತಾರೆ. ದ್ರಾನಾಳ ಪಾಡೂ ಹೀಗೇ ಆಯಿತು. ವ್ಯಾಪಾರದ ಪಾಲುಗಾರ ಎಲ್ಲವನ್ನೂ ತನ್ನದಾಗಿಸಿಕೊಂಡ. ಉಳಿದದ್ದು ತಲೆಯ ಮೇಲಿನ ಸೂರೊಂದೇ.

ಕೆಲವು ತಿಂಗಳು ಆಕೆ ದುಃಖದಲ್ಲಿ ಕುಸಿದುಹೋದಳು. ಹದಿಹರೆಯದ ಆಗಾ ಮನೆಯ ಹೊಣೆ ಹೊರಬೇಕಾಯಿತು. ಆಮೇಲೆ ದ್ರಾನಾ ಎದ್ದಳು. ಕೈಯಲ್ಲಿದ್ದ ವಿದ್ಯೆ ಹೊಲಿಗೆ ಮತ್ತು ಕಸೂತಿ. ಅದನ್ನೇ ಬಂಡವಾಳ ಮಾಡಿಕೊಂಡು ಕಸೂತಿ ಬಟ್ಟೆಗಳ ವ್ಯಾಪಾರಕ್ಕಿಳಿದಳು. ಬಟ್ಟೆ, ರತ್ನಗಂಬಳಿಗಳ ವ್ಯಾಪಾರಿಗಳೊಡನೆ ತಾನೇ ಮಾತಾಡಿ ಚೌಕಾಸಿ ಮಾಡಿದಳು. ಮೂವರು ಮಕ್ಕಳ ಓದು ನಿಲ್ಲಲಿಲ್ಲ.

ಇನ್ನೂ ದೊಡ್ಡ ಮಾತೆಂದರೆ, ಬಡವರಿಗಾಗಿ ತೆರೆದಿದ್ದ ಆ ಮನೆಯ ಬಾಗಿಲು ಕಷ್ಟ ಬಂತೆಂದು ಮುಚ್ಚಲಿಲ್ಲ. ಊಟದ ಹೊತ್ತಿಗೆ ಗುರುತಿಲ್ಲದ ಬಡವರು ಮೇಜಿನ ಮುಂದೆ ಕುಳಿತಿರುತ್ತಿದ್ದರು. ಇವರು ಯಾರೆಂದು ಮಕ್ಕಳು ಕೇಳಿದರೆ, ಕೆಲವರು ನೆಂಟರು, ಆದರೆ ಎಲ್ಲರೂ ನಮ್ಮವರೇ ಎನ್ನುತ್ತಿದ್ದಳು. ಫೀಲೆ ಎಂಬ ಮುದುಕಿಯೊಬ್ಬಳಿದ್ದಳು. ಕುಡಿತಕ್ಕೆ ಬಿದ್ದವಳು, ಮೈತುಂಬ ಹುಣ್ಣು, ಮನೆಯವರು ಕೈಬಿಟ್ಟಿದ್ದರು. ದ್ರಾನಾ ದಿನಕ್ಕೆರಡು ಸಲ ಹೋಗಿ ಅವಳ ಹುಣ್ಣು ತೊಳೆದು ಊಟ ಮಾಡಿಸಿ ಬರುತ್ತಿದ್ದಳು. ಆರು ಮಕ್ಕಳ ವಿಧವೆಯೊಬ್ಬಳು ತೀರಿಕೊಂಡಾಗ ಆ ಮಕ್ಕಳೂ ಈ ಮನೆಯ ಮಕ್ಕಳಾದರು. ಹೀಗೆ ಹೋಗುವಾಗ ಎಷ್ಟೋ ಸಲ ಗೊಂಜೆ ತಾಯಿಯ ಜೊತೆಗಿರುತ್ತಿದ್ದಳು. ಮುಂದೆ 1952ರಲ್ಲಿ ಕಲ್ಕತ್ತೆಯ ಕಾಳಿಘಾಟಿನಲ್ಲಿ ನಿರ್ಮಲ ಹೃದಯ ತೆರೆದಾಗ ಆ ಕೈಗಳಿಗೆ ಹುಣ್ಣು ತೊಳೆಯುವ ಕೆಲಸ ಹೊಸದಾಗಿರಲಿಲ್ಲ.

ಹದಿನೆಂಟು ತುಂಬಿದ ಗೊಂಜೆ ಸನ್ಯಾಸಿನಿಯಾಗಿ ಬಂಗಾಳಕ್ಕೆ ಹೋಗುತ್ತೇನೆಂದಾಗ ತಾಯಿ ಮರುಮಾತಾಡಲಿಲ್ಲ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಹಗಲು, ಒಂದು ರಾತ್ರಿ ಹೊರಗೆ ಬರಲಿಲ್ಲ. ಬಂದಾಗ ಆಡಿದ ಮಾತಿನ ತಾತ್ಪರ್ಯ ಇಷ್ಟೇ: ದೇವರ ಕೈಯಲ್ಲಿ ಕೈಯಿಟ್ಟು ಹೋಗು, ನಡುದಾರಿಯಲ್ಲಿ ಬಿಡಬೇಡ. 1928ರ ಸೆಪ್ಟೆಂಬರ್ 26ರಂದು ತಾಯಿ ಮಕ್ಕಳು ಸ್ಕೋಪ್ಯೆಯಿಂದ ರೈಲು ಹತ್ತಿದರು. ಜಾಗ್ರೆಬ್ ನಿಲ್ದಾಣದವರೆಗೆ ತಾಯಿ ಮತ್ತು ಅಕ್ಕ ಜೊತೆಗೆ ಬಂದರು. ಅಕ್ಟೋಬರ್ 13ರಂದು ಅಲ್ಲಿ ಬೀಳ್ಕೊಟ್ಟದ್ದೇ ಕೊನೆ. ಮತ್ತೆ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ.

1929ರ ಜನವರಿಯಲ್ಲಿ ಕಲ್ಕತ್ತೆ ತಲುಪಿದ ಮಗಳು ಕಾನ್ವೆಂಟ್ ಶಾಲೆಯಲ್ಲಿ ಶಿಕ್ಷಕಿಯಾದಳು. ಆ ಸಂತೋಷವನ್ನು ಊರಿಗೆ ಬರೆದಳು. ತಾಯಿಯ ಉತ್ತರದಲ್ಲಿ ಅಭಿನಂದನೆಗಿಂತ ನೆನಪೋಲೆಯೇ ಹೆಚ್ಚಾಗಿತ್ತು. ನೀನು ಹೋದದ್ದು ಬಡವರಿಗಾಗಿ ಎಂಬುದನ್ನು ಮರೆಯಬೇಡ. ನಮ್ಮ ಫೀಲೆ ನೆನಪಿದ್ದಾಳಲ್ಲವೇ ಎಂಬುದು ಅದರ ಸಾರ. ಮಕ್ಕಳಿಗೆ ಒಳ್ಳೆಯ ನೌಕರಿ ಸಿಕ್ಕಿತೆಂದಾಗ ಪೇಡೆ ಹಂಚುವ ತಾಯಂದಿರು ಬಹಳ. ಯಾವುದಕ್ಕಾಗಿ ಹೊರಟೆ ಎಂದು ಕೇಳುವವರು ಕಡಿಮೆ. 1948ರಲ್ಲಿ ತೆರೇಸಾ ಕಾನ್ವೆಂಟ್ ಬಿಟ್ಟು ಕಲ್ಕತ್ತೆಯ ಕೊಳೆಗೇರಿಗಳಿಗೆ ಹೋದರು.

1934ರಲ್ಲಿ ದ್ರಾನಾ ಮಗನ ಬಳಿ ಇರಲೆಂದು ಆಲ್ಬೇನಿಯಾದ ತಿರಾನಾಕ್ಕೆ ಹೋಗಿದ್ದಳು. ಆಗಾ ಮೊದಲೇ ಅಲ್ಲಿದ್ದಳು. ಮಹಾಯುದ್ಧದ ಹೊತ್ತಿಗೆ ಸೈನ್ಯದಲ್ಲಿದ್ದ ಲಾಜಾರ್ ಇಟಲಿ ಸೇರಿದ. 1944ರಲ್ಲಿ ಎನ್ವರ್ ಹೋಜಾನ ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಗಡಿಯ ಬಾಗಿಲು ಮುಚ್ಚಿತು. ಒಬ್ಬ ಮಗ ಇಟಲಿಯಲ್ಲಿ, ಒಬ್ಬ ಮಗಳು ಭಾರತದಲ್ಲಿ. ತಾಯಿ ಮತ್ತು ಹಿರಿಯ ಮಗಳು ಬೇಲಿಯೊಳಗೆ. 1967ರಲ್ಲಿ ಆ ಸರ್ಕಾರ ಎಲ್ಲ ಚರ್ಚು, ಮಸೀದಿಗಳನ್ನೂ ಮುಚ್ಚಿಸಿತು. ಜೀವನವಿಡೀ ಜಪಮಾಲೆ ಹಿಡಿದ ಮುದುಕಿಗೆ ಪ್ರಾರ್ಥಿಸಲು ದೇವಾಲಯವೂ ಇಲ್ಲವಾಯಿತು.

ಸಾಯುವ ಮುನ್ನ ಮಕ್ಕಳನ್ನೊಮ್ಮೆ ನೋಡಬೇಕೆಂದು ದ್ರಾನಾ ಲಾಜಾರ್‌ಗೆ ಬರೆದಳು. ತೆರೇಸಾ ರೋಮಿನ ಆಲ್ಬೇನಿಯಾ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಿ ಬೇಡಿದರು. ದೊಡ್ಡ ದೊಡ್ಡ ದೇಶಗಳವರು ಶಿಫಾರಸು ಮಾಡಿದರು. ಅನುಮತಿ ಸಿಗಲಿಲ್ಲ. 1972ರ ಜುಲೈ 12ರಂದು ದ್ರಾನಾ ತೀರಿಕೊಂಡಳು. ಮರುವರ್ಷ ಆಗಾಳೂ ಹೋದಳು. 1979ರಲ್ಲಿ ಮಗಳು ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ ನೋಡಲು ತಾಯಿ ಇರಲಿಲ್ಲ. 1989ರಲ್ಲಿ ಕಡೆಗೂ ತಿರಾನಾಕ್ಕೆ ಬಿಟ್ಟುಕೊಂಡಾಗ ಇಳಿವಯಸ್ಸಿನ ಮಗಳಿಗೆ ಸಿಕ್ಕಿದ್ದು ಸಮಾಧಿಯ ಮೇಲೆ ಹೂವಿಡುವ ಭಾಗ್ಯ ಮಾತ್ರ. ಇಂದು ತಿರಾನಾದ ವಿಮಾನ ನಿಲ್ದಾಣಕ್ಕೆ ಅದೇ ಮಗಳ ಹೆಸರಿದೆ.

ಬೀದರ್, ಭಾಲ್ಕಿ, ಔರಾದ್ ಕಡೆಯ ತಂದೆತಾಯಂದಿರು ಮಕ್ಕಳನ್ನು ಓದಿಗೆಂದು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುವಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತಾರೆ. ಜೊತೆಗೆ ಹೇಳಿದ ಬುದ್ಧಿಮಾತು ಬಸ್ಸು ಹೊರಡುವುದರೊಳಗೆ ಅರ್ಧ ಮರೆತಿರುತ್ತದೆ. ಮಕ್ಕಳು ಕೊಂಡೊಯ್ಯುವುದು ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು. ದ್ರಾನಾ ಮಗಳಿಗೆ ಸೇವೆಯ ಮೇಲೆ ಭಾಷಣ ಮಾಡಲಿಲ್ಲ. ಫೀಲೆಯ ಹುಣ್ಣು ತೊಳೆಯುವಾಗ ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.