ಕಿಸೆಯೊಳಗಿನ ಕುಲುಮೆ

ಡೇರೆ ಹಾಕಿ ರಾತ್ರಿ ಕಳೆಯುವ ಹುಚ್ಚಿರುವವರ ಗುಂಪಿನಲ್ಲಿ ಒಬ್ಬನ ಕಿಸೆ ಮಾತ್ರ ಸದಾ ತುಸು ಜೋತುಬಿದ್ದಿರುತ್ತದೆ. ಅವನು ಉಳಿದವರಿಗಿಂತ ಚೆನ್ನಾಗಿ ಗುಡ್ಡ ಹತ್ತುತ್ತಾನೆಂದಲ್ಲ, ಅಡುಗೆಯಲ್ಲಿ ಕೈ ಪಳಗಿದೆ ಎಂದೂ ಅಲ್ಲ. ಆದರೂ ಕತ್ತಲಾಗುವ ಹೊತ್ತಿಗೆ ಎಲ್ಲರೂ ಅವನನ್ನೇ ಕೂಗುತ್ತಾರೆ: "ಮಾರಾಯ, ನಿನ್ನ ಆ ಚಾಕು ಎಲ್ಲಿ?" ನಮ್ಮ ಗುಂಪಿನಲ್ಲಿ ಆ ಪದವಿ ನನ್ನದು. ಸಂಬಳವಿಲ್ಲ, ಮೊದಲ ಲೋಟ ಚಹಾ ಮಾತ್ರ ನನ್ನ ಕೈಗೇ ಬರುತ್ತದೆ.

ನನ್ನದು ಕೆಂಪು ಹಿಡಿಯ ಸ್ವಿಸ್ ಚಾಕು. ಮಡಚಿದರೆ ಬೆರಳುದ್ದ. ಬಿಡಿಸುತ್ತ ಹೋದರೆ ಎರಡು ಅಲಗು, ಕತ್ತರಿ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್, ದಬ್ಬಳ, ಬಿರಡೆ ಕೀಳುವ ಸುರುಳಿ. ಹಿಡಿಯ ತುದಿಯಲ್ಲಿ ಅಡಗಿ ಕೂತ ಹಲ್ಲುಕಡ್ಡಿ ಮತ್ತು ಚಿಮಟ. ಸ್ವಿಟ್ಜರ್‌ಲ್ಯಾಂಡಿನ ಇಬಾಖ್ ಎಂಬಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕು ಒದಗಿಸಿದ. ಅದರಲ್ಲಿದ್ದದ್ದು ಅಲಗು, ದಬ್ಬಳ, ಡಬ್ಬಿಯ ಕೊಕ್ಕೆ ಮತ್ತು ಬಂದೂಕು ಬಿಚ್ಚಲು ಬೇಕಾದ ಸ್ಕ್ರೂಡ್ರೈವರ್, ಅಷ್ಟೇ. 1897ರಲ್ಲಿ ಬಂದ ಅಧಿಕಾರಿಗಳ ಚಾಕುವಿಗೆ ಬಿರಡೆ ಕೀಳುವ ಸುರುಳಿಯೂ ಸೇರಿತು. ಸಿಪಾಯಿಗೆ ಬಂದೂಕು, ಸಾಹೇಬರಿಗೆ ವೈನು. ಸೈನ್ಯ ಯಾವ ದೇಶದ್ದಾದರೂ ಸೈನ್ಯವೇ!

ಆ ಸುರುಳಿಗೆ ನಮ್ಮ ಶಿಬಿರದಲ್ಲಿ ಬೇರೆಯೇ ಉದ್ಯೋಗ. ಇಬ್ಬನಿಯಲ್ಲಿ ರಾತ್ರಿಯಿಡೀ ನೆನೆದು ಬಿಗಿದುಕೊಂಡ ಹಗ್ಗದ ಗಂಟನ್ನು ಬೆಳಿಗ್ಗೆ ಉಗುರಿನಿಂದ ಬಿಡಿಸಲು ಹೋದರೆ ಉಗುರೇ ಹೋದೀತು. ಸುರುಳಿಯ ಮೊನೆಯನ್ನು ಗಂಟಿನ ನಡುವೆ ತೂರಿಸಿ ಮೆಲ್ಲಗೆ ತಿರುವಿದರೆ ಅದು ತಾನಾಗಿ ಸಡಿಲುತ್ತದೆ. ದಬ್ಬಳವೂ ಹಾಗೆಯೇ. ಇಳಿಜಾರಿನಲ್ಲಿ ಬೂಟಿನ ಅಟ್ಟೆ ಬಾಯಿ ಬಿಟ್ಟಾಗ ಎರಡು ತೂತು ಹೊಡೆದು ದಾರ ಬಿಗಿದರೆ ಊರು ಸೇರುವಷ್ಟು ದೂರ ನಡೆಯಬಹುದು. ಡಬ್ಬಿಯ ಕೊಕ್ಕೆ ಮಾತ್ರ ನಿರುದ್ಯೋಗಿ. ನಮ್ಮ ಚೀಲಗಳಲ್ಲಿ ಇರುವುದು ಅವಲಕ್ಕಿ, ಚಟ್ನಿಪುಡಿ, ಮ್ಯಾಗಿ. ಅವಕ್ಕೆ ಕತ್ತರಿ ಸಾಕು.

ಕುದುರೆಮುಖದ ಬುಡದ ಸಂಸೆಯ ಕಡೆ ಒಂದು ಮನೆಯ ಗದ್ದೆಯಂಚಿನಲ್ಲಿ ನಾವು ಡೇರೆ ಹಾಕುತ್ತೇವೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ, ಬಿಡಬಾರದು ಕೂಡ. ಮನೆಯ ಯಜಮಾನರ ಸೊಂಟದಲ್ಲಿ ಸದಾ ಕತ್ತಿ. ನನ್ನ ಚಾಕುವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ಕೇಳಿದರು: "ಇದ್ರಲ್ಲಿ ಸೌದೆ ಸೀಳ್ಲಿಕ್ಕಾಗ್ತದಾ?"

"ಇಲ್ಲ ಗೌಡ್ರೇ."

"ಕಾಯಿ ಸುಲೀಲಿಕ್ಕೆ?"

"ಅದೂ ಇಲ್ಲ."

ಪಾಪ ಎನ್ನುವಂತೆ ನನ್ನ ಮುಖ ನೋಡಿದರು. ಆಮೇಲೆ ಒಂದೊಂದೇ ಬಿಡಿಸಿ ಕತ್ತರಿಗೆ ಬಂದು ನಿಂತರು. ಜಗಲಿಯ ಕನ್ನಡಿಯ ಮುಂದೆ ಕೂತು ನಿಧಾನವಾಗಿ ಮೀಸೆ ಸರಿಮಾಡಿಕೊಂಡು, ಒರೆಸಿ ವಾಪಸು ಕೊಟ್ಟರು. ಸೌದೆಯ ವಿಷಯದಲ್ಲಿ ಅವರ ಅಭಿಪ್ರಾಯ ಬದಲಾಗಲಿಲ್ಲ. ಅದು ಸರಿಯೂ ಹೌದು. ಈ ಸಾಧನದ ಯಾವ ಭಾಗವೂ ಆಯಾ ಕೆಲಸದಲ್ಲಿ ಪ್ರವೀಣನಲ್ಲ. ಪ್ರವೀಣರೆಲ್ಲ ಮನೆಯಲ್ಲಿ ಉಳಿದಿರುವಾಗ ಇದು ಕಿಸೆಯಲ್ಲಿರುತ್ತದೆ ಎನ್ನುವುದೇ ಇದರ ಹಿರಿಮೆ.

ಆದರೆ ಮಲೆನಾಡಿನಲ್ಲಿ ಇದನ್ನು ಒಯ್ಯಲು ನನಗೆ ಇರುವ ನಿಜವಾದ ಕಾರಣ ಚಿಮಟ. ನಮ್ಮ ಹಿಂದಿನವರು ಉಡಿದಾರಕ್ಕೇ ಚಿಮಟ, ಕಿವಿಗುಗ್ಗೆ ಕಡ್ಡಿ ಕಟ್ಟಿಕೊಂಡು ತಿರುಗುತ್ತಿದ್ದರು. ಅವರಿಗೆ ಕಾಡಿನ ಮರ್ಜಿ ಗೊತ್ತಿತ್ತು. ಇಂಬಳ ಹತ್ತಿದರೆ ಉಪ್ಪೋ ಸುಣ್ಣವೋ ಸಾಕು, ರಕ್ತ ಹೋದರೂ ಚಿಂತೆಯಿಲ್ಲ. ಉಣುಗು ಹಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಬೇಸಿಗೆಗೆ ಮುಂಚೆ, ನಾವು ಚಾರಣ ಹೊರಡುವ ತಂಪು ತಿಂಗಳುಗಳಲ್ಲೇ, ಎಳ್ಳಿನಷ್ಟು ಸಣ್ಣ ಮರಿ ಉಣುಗುಗಳು ಒಣ ಎಲೆಗಳ ಮೇಲೆ ಕಾದಿರುತ್ತವೆ. ಕಚ್ಚಿ ಕೂತದ್ದನ್ನು ಬೆಂಕಿ ತಾಗಿಸಿ, ಸೀಮೆಎಣ್ಣೆ ಸುರಿದು ಕೀಳಬಾರದು. ಚರ್ಮಕ್ಕೆ ತಾಗುವಂತೆ ಚಿಮಟ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಆಮೇಲೆ ಸೋಪು, ನೀರು. ಮುಂದೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

ಇಂಥ ಚಾಕುಗಳಲ್ಲಿ ಇಕ್ಕಳವಿರುವ ಅಮೆರಿಕದ ಜಾತಿಯೂ ಉಂಟು. ಹೆಂಡತಿಯೊಂದಿಗೆ 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತಿದ ಟಿಮ್ ಲೆದರ್‌ಮನ್, ದಾರಿಯುದ್ದಕ್ಕೂ ಕೈಕೊಟ್ಟ ಆ ಕಾರಿನ ದೆಸೆಯಿಂದ, ಚಾಕುವಿನ ಜೊತೆ ಇಕ್ಕಳವೂ ಇದ್ದಿದ್ದರೆ ಎಂದು ಹಂಬಲಿಸಿದ. 1983ರಲ್ಲಿ ಅವನ ಅಂಥ ಸಾಧನ ಮಾರಾಟಕ್ಕೆ ಬಂತು. ಒಲೆಯಿಂದ ಹಿಡಿಯಿಲ್ಲದ ಪಾತ್ರೆ ಇಳಿಸುವುದಕ್ಕೆ ಅದರ ಸಮ ಇಲ್ಲ. ಕಿಸೆಗೆ ಮಾತ್ರ ಬಲು ಭಾರ. ನಡೆದು ಹೋಗುವವರಿಗೆ ನನ್ನ ಶಿಫಾರಸು ಚಿಮಟ, ಕತ್ತರಿ ಇರುವ ಸಣ್ಣದ್ದೇ.

ಕೊಳ್ಳುವುದಾದರೆ ವರ್ಷಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಕೀಲುಗಳಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೊಂದು ಹನಿ ಬಿಡಿ. ವಿಮಾನ ಹತ್ತುವ ದಿನ ಮರೆಯದೆ ಕಿಸೆಯಿಂದ ತೆಗೆದು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಭದ್ರತಾ ತಪಾಸಣೆಯವರ ಡಬ್ಬಕ್ಕೆ ಬಿದ್ದ ಚಾಕು ತಿರುಗಿ ಬರುವುದಿಲ್ಲ.